ಡ್ಯೂಟಿ ಲಿಸ್ಟ್‌ನಲ್ಲಿ ಲೆಕ್ಕಕ್ಕಿಲ್ಲದ ಸಿಸ್ಟರ್

ದಾವಣಗೆರೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಇನ್‌ಚಾರ್ಜ್ ಸಿಸ್ಟರ್‌ಗಳು ಮತ್ತು ಆಸ್ಪತ್ರೆ ಆಡಳಿತದವರ ಮುಂದೆ ಆಡಿದ ಮಾತುಗಳ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು. ನೈಟ್ ಮುಗಿಸಿ ನೇರ ಇಲ್ಲಿಗೆ ಬಂದವರೂ ಇದ್ದೀರಿ. ಕಣ್ಣು ಎಳೆದರೆ ನಾನೇನೂ ತಪ್ಪು ತಿಳಿಯುವುದಿಲ್ಲ. ಬ್ರದರ್‌ಗಳೂ ಇದ್ದೀರಿ. ನಾನು ಸಿಸ್ಟರ್ ಎಂದಾಗಲೆಲ್ಲ ನಿಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇನೆ ಎಂದುಕೊಳ್ಳಿ.

ಆಸ್ಪತ್ರೆ ನಡೆಸುವವರು ಸಿಕ್ಕಾಗಲೆಲ್ಲ ಕ್ಯಾಶುವಾಲ್ಟಿ, ಅಂದರೆ ತುರ್ತು ಚಿಕಿತ್ಸೆ ವಿಭಾಗದ ಬಗ್ಗೆ ಒಂದು ಪ್ರಶ್ನೆ ಕೇಳುತ್ತಾರೆ. "ಮೇಡಂ, ಕ್ಯಾಶುವಾಲ್ಟಿಗೆ ಹೊಸದಾಗಿ ಬಂದವರಿಗೆ ಎಷ್ಟು ದಿನ ಟ್ರೈನಿಂಗ್ ಕೊಟ್ಟರೆ ಸಾಕು?" ಕೇಳುವ ಧಾಟಿಯಲ್ಲೇ ಗೊತ್ತಾಗುತ್ತದೆ, ಅವರಿಗೆ ಬೇಕಿರುವುದು ಚಿಕ್ಕ ಸಂಖ್ಯೆ. ಮೂರು ದಿನ ಎಂದರೆ ಖುಷಿ. ಎರಡು ವಾರ ಎಂದರೆ ಮುಖ ಸಣ್ಣದಾಗುತ್ತದೆ. ಅಮೆರಿಕದಲ್ಲಿ ಆಗಷ್ಟೇ ಪಾಸಾದವರನ್ನು ಎಮರ್ಜೆನ್ಸಿಗೆ ತೆಗೆದುಕೊಂಡರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಒಬ್ಬ ಸೀನಿಯರ್ ಜೊತೆಗೇ ಇಡುತ್ತಾರೆ ಎಂದು ಹೇಳಿದರೆ, "ಅದು ಅಮೆರಿಕ ಬಿಡಿ ಮೇಡಂ" ಎಂದು ನಕ್ಕು ಮಾತು ಮುಗಿಸುತ್ತಾರೆ.

ನಾನು ದಿನದ ಲೆಕ್ಕದಲ್ಲಿ ಚೌಕಾಶಿಗೆ ಇಳಿಯುವುದಿಲ್ಲ. ವಾಪಸ್ ಒಂದೇ ಮಾತು ಕೇಳುತ್ತೇನೆ. ಆ ಟ್ರೈನಿಂಗ್ ದಿನಗಳಲ್ಲಿ ಅವಳ ಹೆಸರನ್ನು ಡ್ಯೂಟಿ ಲಿಸ್ಟ್‌ನಲ್ಲಿ ಲೆಕ್ಕಕ್ಕೆ ಹಿಡಿದಿದ್ದೀರೋ ಇಲ್ಲವೋ?

ಆಗ ಅವರು ಪಕ್ಕದಲ್ಲಿರುವ ಇನ್‌ಚಾರ್ಜ್ ಸಿಸ್ಟರ್ ಮುಖ ನೋಡುತ್ತಾರೆ. ನಡೆಯುವುದು ಏನೆಂದು ನಮಗೆಲ್ಲ ಗೊತ್ತು. ಶಿಫ್ಟ್‌ಗೆ ನಾಲ್ಕು ಜನ ಬೇಕು. ಒಬ್ಬರು ಕೆಲಸ ಬಿಟ್ಟು ಬೆಂಗಳೂರಿಗೋ ಗಲ್ಫ್‌ಗೋ ಹೋಗಿದ್ದಾರೆ. ಹೊಸಬಳು ಸೇರಿದ ಮರುದಿನವೇ ಆ ಖಾಲಿ ಜಾಗದಲ್ಲಿ ಅವಳ ಹೆಸರು ಬಂದು ಕೂರುತ್ತದೆ. ಫೈಲ್‌ನಲ್ಲಿ ಮಾತ್ರ ಒಂದು ತಿಂಗಳ ಓರಿಯಂಟೇಶನ್ ಎಂದು ಇರುತ್ತದೆ. ಸೀಲು, ಸಹಿ ಎಲ್ಲವೂ ಸರಿಯಾಗಿರುತ್ತದೆ. ಕಲಿಸಬೇಕಾದ ಸೀನಿಯರ್ ತನ್ನ ಪಾಲಿನ ಬೆಡ್‌ಗಳನ್ನೇ ಸುಧಾರಿಸಲಾಗದೆ ಓಡಾಡುತ್ತಿರುತ್ತಾಳೆ. ಹೊಸಬಳು ಕೇಳಲು ಹೋದರೆ "ಆಮೇಲೆ ಹೇಳ್ತೀನಿ ಇರು" ಎನ್ನುತ್ತಾಳೆ. ಆ ಆಮೇಲೆ ಬರುವುದೇ ಇಲ್ಲ, ಅಲ್ವಾ?

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟು. ಕಲಿಯುವ ಅವಧಿ ಮುಗಿಯುವವರೆಗೆ ಹೊಸಬಳು ಶಿಫ್ಟ್‌ನಲ್ಲಿ ಎಕ್ಸ್‌ಟ್ರಾ ಆಗಿಯೇ ಇರಲಿ. ಅವಳಿಲ್ಲದೆಯೂ ಶಿಫ್ಟ್ ನಡೆಯುವಷ್ಟು ಜನ ಲಿಸ್ಟ್‌ನಲ್ಲಿರಲಿ. ಹೀಗೆ ಮಾಡಿ ಬರೀ ಮೂರು ವಾರ ಕೊಟ್ಟರೂ ಅದು ಫೈಲ್‌ನಲ್ಲಿ ಮಾತ್ರ ಇರುವ ಮೂರು ತಿಂಗಳಿಗಿಂತ ಮೇಲು. "ಸಂಬಳ ಕೊಟ್ಟು ಸುಮ್ನೆ ನಿಲ್ಲಿಸಿಕೊಳ್ಳಬೇಕಾ?" ಎಂದು ಒಬ್ಬರು ಆಡಳಿತಾಧಿಕಾರಿ ನನ್ನನ್ನೇ ಕೇಳಿದ್ದರು. ಅವಳು ಹೆದರಿ ಎರಡನೇ ತಿಂಗಳಿಗೆ ಬಿಟ್ಟುಹೋದರೆ ಇನ್ನೊಬ್ಬಳನ್ನು ಹುಡುಕಿ, ಮತ್ತೆ ಮೊದಲಿಂದ ಶುರು ಮಾಡಬೇಕು. ಆ ಖರ್ಚನ್ನು ಯಾರೂ ಬರೆದಿಡುವುದಿಲ್ಲ, ಅಷ್ಟೇ.

ಇನ್ನೊಂದು ವಾದ ಇದೆ. "ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದ್ದಾಳೆ, ಇನ್ನೇನು ಕಲಿಸುವುದು?" ಕಾಲೇಜಿನಿಂದ ಕ್ಯಾಶುವಾಲ್ಟಿ ಪೋಸ್ಟಿಂಗ್‌ಗೆ ಬಂದಾಗ ಏನಾಗುತ್ತದೆ ಹೇಳಿ. ಕೇಸ್ ಜೋರಾಗಿದ್ದರೆ ಮೊದಲು ಹೊರಗೆ ಕಳಿಸುವುದೇ ಸ್ಟೂಡೆಂಟ್‌ಗಳನ್ನು. ಗೋಡೆಗೆ ಆನಿಸಿ ನಿಲ್ಲಿಸುತ್ತಾರೆ. ಅವರು ನೋಡಿದ್ದು ಸುತ್ತ ನಿಂತವರ ಬೆನ್ನನ್ನು. ಓದಿನ ತಪ್ಪು ಎಂದು ಹೇಳುತ್ತಿಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನವರೇ ಎಮರ್ಜೆನ್ಸಿ ಮತ್ತು ಡಿಸಾಸ್ಟರ್ ನರ್ಸಿಂಗ್ ಎಂದು ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇಟ್ಟಿದ್ದಾರೆ. ಇದು ಬೇರೆಯದೇ ಕೆಲಸ ಎಂದು ಅವರೂ ಒಪ್ಪಿಕೊಂಡಂತೆ.

ಇದು ಹೊಸದಾಗಿ ಪಾಸಾದವರ ಮಾತು ಮಾತ್ರ ಅಲ್ಲ. ನರ್ಸ್‌ಗಳು ಕೆಲಸದಲ್ಲಿ ಹೇಗೆ ಪಳಗುತ್ತಾರೆ ಎಂದು 1984ರಲ್ಲಿ ಅಮೆರಿಕದ ಪೆಟ್ರೀಶಿಯಾ ಬೆನ್ನರ್ ಐದು ಮೆಟ್ಟಿಲುಗಳಲ್ಲಿ ವಿವರಿಸಿದರು. ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು ಮಾತು. ಎಷ್ಟೇ ಅನುಭವ ಇದ್ದರೂ ಗೊತ್ತಿಲ್ಲದ ವಿಭಾಗಕ್ಕೆ ಹೋದ ನರ್ಸ್ ಮತ್ತೆ ಕೆಳಗಿನ ಮೆಟ್ಟಿಲಿಗೆ ಬರಬಹುದು. ಹೆರಿಗೆ ವಾರ್ಡ್‌ನಲ್ಲಿ ಹತ್ತು ವರ್ಷ ಮಾಡಿದ ಸಿಸ್ಟರನ್ನು ಒಂದು ಆರ್ಡರ್ ಬರೆದು ಕ್ಯಾಶುವಾಲ್ಟಿಗೆ ಹಾಕುತ್ತಾರೆ. ಸೀನಿಯರ್ ಅಲ್ವಾ ಎಂದು ಮೊದಲ ರಾತ್ರಿಯೇ ಶಿಫ್ಟ್ ಇನ್‌ಚಾರ್ಜ್ ಮಾಡುತ್ತಾರೆ. ಅವರಿಗೆ ಕೇಳಲು ಸಂಕೋಚ, ಕಿರಿಯರಿಗೆ ಹೇಳಲು ಸಂಕೋಚ. ಫ್ರೆಶರ್‌ಗಿಂತ ಇವರ ಪರಿಸ್ಥಿತಿ ಕಷ್ಟ.

ಸರಿ, ಏನು ಕಲಿಸಬೇಕು? ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯ ಓರಿಯಂಟೇಶನ್ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ ಹಂಚಿದರೆ ಆಗುವುದಿಲ್ಲ. ನಮ್ಮ ಬಾಗಿಲಿಗೆ ಏನು ಬರುತ್ತದೆ ಎನ್ನುವುದರಿಂದ ಶುರು ಮಾಡಬೇಕು. ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ ಎಲ್ಲ 48ನೇ ಹೆದ್ದಾರಿಯ ಮೇಲೇ ಇವೆ. ಹೊಸಪೇಟೆ ಕಡೆಯಿಂದ ಬರುವ 50ನೇ ಹೆದ್ದಾರಿ ಚಿತ್ರದುರ್ಗಕ್ಕೆ ಬಂದು ಮುಗಿಯುತ್ತದೆ. ಜಗಳೂರು, ಚನ್ನಗಿರಿ, ಹೊನ್ನಾಳಿ, ಜಿಲ್ಲೆ ಬೇರೆಯಾದರೂ ಹರಪನಹಳ್ಳಿ, ಎಲ್ಲ ಕಡೆಯಿಂದ ಕೊನೆಗೆ ಇಲ್ಲಿಗೇ ಕರೆದುಕೊಂಡು ಬರುತ್ತಾರೆ. ಸುತ್ತ ಮೆಕ್ಕೆಜೋಳ, ಭತ್ತ, ಅಡಿಕೆ. ಮನೆಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಡಬ್ಬಿ. 2018ರಲ್ಲಿ ಶಿವಮೊಗ್ಗ ಕಡೆ ಮೆಕ್ಕೆಜೋಳಕ್ಕೆ ಸೈನಿಕ ಹುಳು ಬಂದ ಮೇಲೆ ಆ ಡಬ್ಬಿಗಳು ಇನ್ನೂ ಕೈಗೆ ಹತ್ತಿರವಾದವು.

ಪಾಯ್ಸನ್ ಕೇಸನ್ನೇ ತೆಗೆದುಕೊಳ್ಳಿ. ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ಕುಡಿದವನನ್ನು ಬೈಕ್‌ನಲ್ಲಿ ಮಧ್ಯೆ ಕೂರಿಸಿಕೊಂಡು ತಂದಿದ್ದಾರೆ. ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ, ಕಣ್ಣಿನ ಪಾಪೆ ಸಾಸಿವೆಯಷ್ಟು. ಡಾಕ್ಟರ್ ಅಟ್ರೋಪಿನ್ ಎನ್ನುತ್ತಾರೆ, ಈ ವಿಷಕ್ಕೆ ಕೊಡುವ ಪ್ರತಿಮದ್ದು. ಮೊದಲ ಡೋಸ್ 3 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಜಾಸ್ತಿ ಸಿಗುವ ಆಂಪೂಲ್‌ನಲ್ಲಿ, ಅಂದರೆ ಕತ್ತು ಮುರಿದು ತೆರೆಯುವ ಪುಟ್ಟ ಗಾಜಿನ ಸೀಸೆಯಲ್ಲಿ, ಇರುವುದು 0.6 ಮಿಲಿಗ್ರಾಂ. ಅಂದರೆ ಐದು ಆಂಪೂಲ್. ಐದು ನಿಮಿಷ ಬಿಟ್ಟು ನೋಡುತ್ತೀರಿ, ಎದೆ ತಿಳಿಯಾಗಿಲ್ಲ, ಡೋಸ್ ಡಬಲ್, ಹತ್ತು ಆಂಪೂಲ್. ಮತ್ತೆ ಐದು ನಿಮಿಷ, ಇನ್ನೂ ಗೊರಗೊರ, ಇಪ್ಪತ್ತು. ಹತ್ತು ನಿಮಿಷದೊಳಗೆ ಮೂವತ್ತೈದು ಆಂಪೂಲ್ ಒಡೆದು, ಎಳೆದು, ಕೊಟ್ಟು, ಟೈಮ್ ಬರೆದಿರಬೇಕು. ಪುಸ್ತಕದಲ್ಲಿ "ಪ್ರತಿ ಐದು ನಿಮಿಷಕ್ಕೆ ದುಪ್ಪಟ್ಟು" ಎಂದು ಓದಿದವಳಿಗೆ ಇದು ಕೈಯ ಕೆಲಸ ಎಂದು ಹೊಳೆದಿರುವುದಿಲ್ಲ. ಹತ್ತನೇ ಆಂಪೂಲ್‌ಗೆ ಬೆರಳು ಕೊಯ್ದುಕೊಳ್ಳುತ್ತದೆ. ಗಾಜ್ ಬಟ್ಟೆ ಸುತ್ತಿ ಒಡೆಯಬೇಕು, ಒಬ್ಬರು ಒಡೆಯಬೇಕು, ಇನ್ನೊಬ್ಬರು ಎಳೆಯಬೇಕು, ಖಾಲಿ ಆಂಪೂಲ್‌ಗಳನ್ನು ಒಂದು ಟ್ರೇಗೆ ಹಾಕುತ್ತಾ ಹೋಗಬೇಕು, ಕೊನೆಗೆ ಎಣಿಸಿದರೆ ಲೆಕ್ಕ ತಾಳೆಯಾಗಬೇಕು. ಯಾರು ಏನು ಮಾಡುವುದು ಎಂದು ಬೆಳಿಗ್ಗೆ ಕೆಲಸ ಕಡಿಮೆ ಇದ್ದಾಗ ಖಾಲಿ ಬೆಡ್ ಪಕ್ಕ ನಿಂತು ಆಡಿ ನೋಡಿ. ಅವಧಿ ಮುಗಿದ ಡಿಸ್ಟಿಲ್ಡ್ ವಾಟರ್ ಆಂಪೂಲ್ ಇದ್ದರೆ ಅವನ್ನೇ ಒಡೆಸಿ.

ಆ ಹುಡುಗನ ಅಂಗಿಯಲ್ಲೂ ಔಷಧಿ ಇರುತ್ತದೆ. ಗ್ಲೌಸ್, ಗೌನ್ ಹಾಕಿಕೊಂಡು ಬಟ್ಟೆ ತೆಗೆಸಿ ಮೈ ತೊಳೆಸುವುದು ನಮ್ಮದೇ ಕೆಲಸ. "ಡಬ್ಬಿ ತಂದಿದೀರಾ?" ಎಂದು ಮೊದಲು ಕೇಳುವವರೂ ನಾವೇ ಆಗಿರಬೇಕು. ಕುಡಿದದ್ದೆಲ್ಲ ಒಂದೇ ಜಾತಿಯ ವಿಷ ಆಗಿರುವುದಿಲ್ಲ. ಕಳೆನಾಶಕ ಪ್ಯಾರಾಕ್ವಾಟ್ ಆಗಿದ್ದರೆ, ಸುಮ್ನೆ ಅಭ್ಯಾಸಬಲದಿಂದ ಹಾಕಿದ ಆಕ್ಸಿಜನ್ನೇ ಶ್ವಾಸಕೋಶಕ್ಕೆ ಜಾಸ್ತಿ ಹಾನಿ ಮಾಡಬಹುದು. ಮಾಸ್ಕ್ ಹಾಕುವ ಮುಂಚೆ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ ನೋಡಿ, ಡಾಕ್ಟರನ್ನು ಕೇಳಿ.

ಹಾವು ಕಡಿತದ ಮಾತಿಗೆ ಬರುತ್ತೇನೆ. 2024ರಲ್ಲಿ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕೇಸ್‌ಗಳ ಪಟ್ಟಿಗೆ ಸೇರಿಸಿದರು. ಒಳ್ಳೆಯದಾಯಿತು. ಆದರೆ ಹೊಸಬಳಿಗೆ ಅದಕ್ಕಿಂತ ಮುಂಚೆ ತಿಳಿಯಬೇಕಾದದ್ದು ಒಂದು ಗಾಜಿನ ಟೆಸ್ಟ್ ಟ್ಯೂಬ್ ಎಲ್ಲಿದೆ ಎನ್ನುವುದು.

ಕೊಳಕುಮಂಡಲ ಕಡಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ಕಂಡುಹಿಡಿಯಲು ದೊಡ್ಡ ಲ್ಯಾಬ್ ಬೇಡ. ಹೊಸದಾದ, ಒಣಗಿದ, ಗಾಜಿನ ಟ್ಯೂಬ್‌ಗೆ 2 ಮಿಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡಬೇಕು. ಆಮೇಲೆ ಒಂದು ಸಲ ಓರೆ ಮಾಡಿ ನೋಡಬೇಕು. ನೀರಿನ ಹಾಗೆ ಹರಿದರೆ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಬೇಕು. ಕೇಳಲು ಎಷ್ಟು ಸುಲಭ! ಕೆಡುವುದೆಲ್ಲ ಚಿಕ್ಕ ವಿಷಯಗಳಲ್ಲಿ. ಪ್ಲಾಸ್ಟಿಕ್ ಟ್ಯೂಬ್‌ಗೆ ಹಾಕಿದರೆ ಫಲಿತಾಂಶ ನಂಬುವ ಹಾಗಿಲ್ಲ. ಗಾಜಿನದೇ ಆದರೂ ಆಯಾ ಅದನ್ನು ಸೋಪಿನ ಪುಡಿಯಲ್ಲಿ ತೊಳೆದಿಟ್ಟಿದ್ದರೆ ಸರಿಯಿದ್ದ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಟೇಬಲ್ ಮೇಲೆ ಇಟ್ಟದ್ದನ್ನು ಯಾರೋ ಬಂದು ಎತ್ತಿ "ಏನಿದು?" ಎಂದು ಅಲ್ಲಾಡಿಸಿ ನೋಡುತ್ತಾರೆ. ಇಟ್ಟ ಟೈಮ್ ಯಾರೂ ಬರೆದಿರುವುದಿಲ್ಲ. ಪ್ಲಾಸ್ಟರ್ ತುಂಡಿಗೆ ಹೆಸರು, ಟೈಮ್ ಬರೆದು ಟ್ಯೂಬ್‌ಗೆ ಅಂಟಿಸುವುದು, ಕೈ ತಾಗದ ಜಾಗದಲ್ಲಿ ನಿಲ್ಲಿಸುವುದು, ಫೋನ್‌ನಲ್ಲಿ ಅಲಾರಂ ಇಡುವುದು. ಇದನ್ನೆಲ್ಲ ಒಬ್ಬ ಸೀನಿಯರ್ ಪಕ್ಕದಲ್ಲಿ ನಿಂತು ಒಂದು ಸಲ ಮಾಡಿಸಿದರೆ ಜೀವಮಾನ ಪೂರ್ತಿ ನೆನಪಿರುತ್ತದೆ.

ಊರಿನವರು ಕಡಿದ ಕಾಲಿಗೆ ಹಗ್ಗ ಬಿಗಿದೇ ಕರೆತರುತ್ತಾರೆ. ಹೊಸಬಳು ಕರುಣೆಯಿಂದ ಮೊದಲು ಅದನ್ನೇ ಕತ್ತರಿಸಲು ಹೋಗುತ್ತಾಳೆ. ನಿಲ್ಲಬೇಕು. ರಕ್ತನಾಳಕ್ಕೆ ಲೈನ್ ಹಾಕಿ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬ್ಯು ಬ್ಯಾಗ್ ಕೈಗೆ ಸಿಗುವಂತೆ ಇಟ್ಟು, ಡಾಕ್ಟರ್ ಎದುರಿಗೇ ಬಿಚ್ಚಬೇಕು. ಒಮ್ಮೆಲೇ ಬಿಚ್ಚಿದರೆ ತಡೆದು ನಿಂತಿದ್ದ ವಿಷ ಮೈಗೆ ಏರಿ ಉಸಿರೋ ಬಿಪಿಯೋ ಕುಸಿಯಬಹುದು. ಎಎಸ್‌ವಿ ಪುಡಿಯ ವಯಲ್‌ಗೆ ನೀರು ಹಾಕಿ ಜೋರಾಗಿ ಕುಲುಕಿದರೆ ಬರೀ ನೊರೆ. ಅಂಗೈಯಲ್ಲಿ ನಿಧಾನಕ್ಕೆ ಹೊರಳಿಸಬೇಕು. ಹತ್ತು ವಯಲ್ ಹೀಗೆ ಕರಗಿಸಲು ಇಬ್ಬರು ಬೇಕು. ಎಎಸ್‌ವಿಗೆ ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಸಿರಿಂಜ್‌ಗೆ ಎಳೆದಿಟ್ಟ ಮೇಲೆಯೇ ಡ್ರಿಪ್ ಶುರು. ಮಗುವಿಗೂ ದೊಡ್ಡವರಷ್ಟೇ ಡೋಸ್ ಎಂದು ಡಾಕ್ಟರ್ ಬರೆದರೆ ಗಾಬರಿಯಾಗಬೇಡಿ, ಅದು ಸರಿಯೇ. ಹಾವು ಮಗು ಎಂದು ವಿಷ ಕಡಿಮೆ ಬಿಡುವುದಿಲ್ಲ.

ಇನ್ನು ಕಟ್ಟು ಹಾವು. ರಾತ್ರಿ ನೆಲದ ಮೇಲೆ ಮಲಗಿದ್ದ ಹುಡುಗ ಬೆಳಗಿನ ಜಾವ ಹೊಟ್ಟೆನೋವು ಎಂದು ಬರುತ್ತಾನೆ. ಕಚ್ಚಿದ ಗುರುತೇ ಇರುವುದಿಲ್ಲ. ಕಣ್ಣಿನ ರೆಪ್ಪೆ ಜೋಲುತ್ತಿದೆಯಾ ನೋಡಿದ್ದೀರಾ? ಇದನ್ನು ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಕೂರಿಸಿದರೆ ಉಸಿರೇ ನಿಲ್ಲಬಹುದು.

ಇಲ್ಲೇ ಅವಧಿಯ ಪ್ರಶ್ನೆ ಮತ್ತೆ ಬರುತ್ತದೆ. ಫೆಬ್ರವರಿಯಲ್ಲಿ ಸೇರಿದವಳು ಮಾರ್ಚ್ ಕೊನೆಗೆ ಟ್ರೈನಿಂಗ್ ಮುಗಿಸುತ್ತಾಳೆ. ಮುಂಗಾರು ಬಿತ್ತನೆ ಹೊತ್ತಿನ ಹಾವು ಕಡಿತ ಅವಳು ನೋಡಿಯೇ ಇಲ್ಲ. ಹಗಲಲ್ಲೇ ಟ್ರೈನಿಂಗ್ ಆಗಿದ್ದರೆ ರಾತ್ರಿ ಎರಡು ಗಂಟೆಗೆ ಲ್ಯಾಬ್‌ಗೆ ಯಾರು ಓಡಬೇಕು, ಬ್ಲಡ್ ಬ್ಯಾಂಕ್ ಫೋನ್ ಯಾರು ಎತ್ತುತ್ತಾರೆ ಅವಳಿಗೆ ಗೊತ್ತಿಲ್ಲ. ಅದಕ್ಕೇ ಕ್ಯಾಲೆಂಡರ್ ನೋಡಿ ಟ್ರೈನಿಂಗ್ ಮುಗಿಸಬೇಡಿ. ಒಂದು ಹಾಳೆ ಮಾಡಿ. ಪ್ರತಿ ಕೆಲಸದ ಮುಂದೆ ಮೂರು ಮನೆ. ನೋಡಿದ್ದು, ಜೊತೆಗೆ ನಿಂತು ಮಾಡಿದ್ದು, ಸೀನಿಯರ್ ಕಣ್ಣೆದುರು ತಾನೇ ಮಾಡಿದ್ದು. ಮೂರನೇ ಮನೆ ಖಾಲಿ ಇರುವ ಕೆಲಸವನ್ನು ಅವಳೊಬ್ಬಳ ಕೈಗೆ ಬಿಡಬೇಡಿ. ಆ ಕೇಸ್ ಬರಲೇ ಇಲ್ಲ ಎಂದರೆ ಆಡಿ ತೋರಿಸಿ, ಆಡಿಸಿ ನೋಡಿ. ಮೂರೂ ಮನೆಗೆ ಒಂದೇ ದಿನ, ಒಂದೇ ಪೆನ್ನಲ್ಲಿ ಟಿಕ್ ಹಾಕಿದ ಹಾಳೆಗಳನ್ನೂ ನಾನು ಬೇಕಾದಷ್ಟು ನೋಡಿದ್ದೇನೆ. ಇನ್‌ಚಾರ್ಜ್‌ಗಳು ನಗಬೇಡಿ.

ಎದೆನೋವಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಂದು ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ನಮ್ಮವರು ಎದೆನೋವು ಎಂದು ಹೇಳುವುದೇ ಕಡಿಮೆ. "ಗ್ಯಾಸ್ ಆಗೈತಿ, ಒಂದು ಇಂಜೆಕ್ಷನ್ ಹಾಕ್ರಿ" ಎನ್ನುತ್ತಾರೆ. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ ಬರೀ ಬೆವರು, ವಾಂತಿ, ಸುಸ್ತು ಇರಬಹುದು. ಹೆಂಗಸರಿಗೆ ಇಸಿಜಿ ತೆಗೆಯುವಾಗ ಸಂಕೋಚಕ್ಕೆ ಲೀಡ್‌ಗಳನ್ನು ಎಲ್ಲೋ ಮೇಲೆ ಅಂಟಿಸಿಬಿಡುತ್ತಾರೆ. ಆಗ ಕಾಗದದ ಮೇಲೆ ಬರುವ ಗೆರೆಯೇ ಸುಳ್ಳು ಹೇಳುತ್ತದೆ. ಪರದೆ ಎಳೆಯಿರಿ, ಒಂದು ಬಟ್ಟೆ ಹೊದಿಸಿ, "ಅಮ್ಮಾ, ಎರಡು ನಿಮಿಷ" ಎಂದು ಹೇಳಿ, ಪಕ್ಕೆಲುಬು ಎಣಿಸಿ ಎದೆಯ ಮೊದಲ ಎರಡು ಲೀಡ್‌ಗಳನ್ನು ನಾಲ್ಕನೆಯ ಸಂದಿಗೆ ಇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ, ಬೇಕಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಡಲು ಹೇಳುತ್ತಾರೆ. ಅವರು ನೋಡುವುದು ನೀವು ಅಂಟಿಸಿದ ಲೀಡ್‌ನ ಗೆರೆಯನ್ನೇ.

ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ-ಲೀಗಲ್ ಕೇಸ್, ನಮ್ಮ ಮಾತಿನಲ್ಲಿ ಎಂಎಲ್‌ಸಿ, ಎಂದರೆ ಹೊಸಬರು ಪೊಲೀಸ್ ಎಂದು ನಡುಗುತ್ತಾರೆ. ಟ್ರೀಟ್‌ಮೆಂಟ್ ಮೊದಲು, ಕಾಗದ ಆಮೇಲೆ. 1989ರಲ್ಲಿ ಪರಮಾನಂದ ಕಟಾರ ಕೇಸ್‌ನಲ್ಲಿ ಸುಪ್ರೀಂ ಕೋರ್ಟೇ ಇದನ್ನು ಹೇಳಿ ಆಗಿದೆ. ಆಕ್ಸಿಡೆಂಟ್ ಆದವರನ್ನು ತಂದ ದಾರಿಹೋಕರನ್ನು ಹೆಸರು, ವಿಳಾಸ ಕೊಡಿ ಎಂದು ಕಟ್ಟಿಹಾಕುವ ಹಾಗಿಲ್ಲ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಅವರಿಗೆ ರಕ್ಷಣೆ ಕೊಟ್ಟಿದೆ. ಚಾಕು ಇರಿತದ ಅಂಗಿ ಕತ್ತರಿಸುವಾಗ ತೂತಿನ ಮೇಲೆ ಕತ್ತರಿ ಹಾಕಬೇಡಿ, ಅದು ಸಾಕ್ಷಿ.

ಮಾತನಾಡುವುದನ್ನೂ ಕಲಿಸಬೇಕು. ಗದ್ದಲದಲ್ಲಿ ಡಾಕ್ಟರ್ ಬಾಯಲ್ಲಿ ಹೇಳಿದ ಆರ್ಡರನ್ನು ಗಟ್ಟಿಯಾಗಿ ತಿರುಗಿ ಹೇಳಿ, ಅವರು "ಹೌದು" ಎಂದ ಮೇಲೆ ಕೊಡುವುದು. ಕೊಟ್ಟ ಮೇಲೆ "ಕೊಟ್ಟಾಯ್ತು ಸರ್" ಎನ್ನುವುದು. ಹೊಸಬರಿಗೆ ಇದು ಎದುರು ಮಾತಾಡಿದಂತೆ ಅನ್ನಿಸುತ್ತದೆ. ಕೆಲವು ಡಾಕ್ಟರ್‌ಗಳಿಗೂ ಹಾಗೇ ಅನ್ನಿಸುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ನೋಡಿದ್ದೀರಲ್ಲ, ಡಿಸ್ಟಿಲ್ಡ್ ವಾಟರ್‌ನ ತಮ್ಮನ ಹಾಗಿರುತ್ತದೆ. ಅದನ್ನು ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಎರಡನ್ನೂ ಒಂದೇ ಟ್ರೇಯಲ್ಲಿ ಇಟ್ಟಿರುವ ಕ್ಯಾಶುವಾಲ್ಟಿಯಲ್ಲಿ ಹೊಸಬಳನ್ನು ಬೈಯುವ ಮುಂಚೆ ಟ್ರೇ ಬದಲಿಸಿ.

ಶಿಫ್ಟ್ ಶುರುವಾದ ಕೂಡಲೇ ಮಾಡುವ ಚೆಕಿಂಗ್ ಅನ್ನು ಅವಳ ಕೈಯಲ್ಲೇ ದಿನಾ ಮಾಡಿಸಿ. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್‌ನ ಬಲ್ಬ್ ಉರಿಯುತ್ತಿದೆಯಾ, ಸಕ್ಷನ್ ಎಳೆಯುತ್ತಿದೆಯಾ, ಸಿಲಿಂಡರ್‌ನಲ್ಲಿ ಎಷ್ಟಿದೆ, ಸಿಲಿಂಡರ್ ತೆಗೆಯುವ ಕೀ ಎಲ್ಲಿದೆ. ಆ ಕೀ ಯಾವಾಗಲೂ ಯಾರದೋ ಜೇಬಿನಲ್ಲಿ ಮನೆಗೆ ಹೋಗಿರುತ್ತದೆ. ಹಗ್ಗ ಕಟ್ಟಿ ಸಿಲಿಂಡರ್‌ಗೇ ನೇತುಹಾಕಿ ಎಂದು ನಾನು ಹೇಳುತ್ತಲೇ ಇದ್ದೇನೆ.

ರೋಗಿ ತೀರಿಕೊಂಡಾಗ ಜೊತೆಗೆ ಬಂದ ಮನೆಯವರ ಸಿಟ್ಟು ಮೊದಲು ಬೀಳುವುದು ಹತ್ತಿರ ನಿಂತ ಸಿಸ್ಟರ್ ಮೇಲೆ. 2009ರಿಂದ ನಮ್ಮ ರಾಜ್ಯದಲ್ಲಿ ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ಕಾಯ್ದೆ ಇದೆ. ಇರಲಿ. ಹೊಸಬಳಿಗೆ ಆ ಗಳಿಗೆಯಲ್ಲಿ ಬೇಕಿರುವುದು ಬಾಗಿಲು ಯಾವ ಕಡೆ, ಸೆಕ್ಯೂರಿಟಿ ನಂಬರ್ ಯಾವುದು, ಸಾವಿನ ಸುದ್ದಿ ಹೇಳುವುದು ತನ್ನ ಕೆಲಸ ಅಲ್ಲ ಎನ್ನುವ ಮೂರು ಮಾತು. ಮೊದಲ ಸಾವು ನೋಡಿದ ದಿನ ಅವಳನ್ನು ಹತ್ತು ನಿಮಿಷ ಕೂರಿಸಿ, ಚಹಾ ಕುಡಿಸಿ, ಏನು ನಡೆಯಿತು ಎಂದು ಮಾತಾಡಿಸಿ. ಬಿಡುವಿಲ್ಲ ಎಂದರೆ ಶಿಫ್ಟ್ ಮುಗಿದ ಮೇಲಾದರೂ ಸರಿ.

ಕೊನೆಗೆ ಕಲಿಸುವವರ ಪಾಡು. ಹೊಸಬಳನ್ನು ಜೊತೆಗೆ ಹಾಕಿಕೊಂಡ ಸೀನಿಯರ್‌ಗೆ ಆ ಶಿಫ್ಟ್‌ನಲ್ಲಿ ಬೆಡ್ ಕಡಿಮೆ ಕೊಡಿ. ದಿನಕ್ಕೊಬ್ಬರ ಜೊತೆ ಹಾಕಬೇಡಿ. ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಹೇಳಿ ಅವಳು ಯಾರದ್ದನ್ನೂ ಕೇಳದಂತಾಗುತ್ತಾಳೆ. ಚೆನ್ನಾಗಿ ಕೆಲಸ ಮಾಡುವವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಎಂದೂ ಇಲ್ಲ. ಕೈಯಿಂದ ಸಿರಿಂಜ್ ಕಿತ್ತುಕೊಂಡು "ಬಿಡು, ನಾನೇ ಮಾಡ್ತೀನಿ" ಎನ್ನುವವರ ಹತ್ತಿರ ಹೊಸಬರನ್ನು ಬಿಡಬೇಡಿ.

ಪ್ರಶ್ನೆಗಳಿಗೆ ಸಮಯ ಕೊಟ್ಟಾಗ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು. "ಮೇಡಂ, ಇಂಟರ್‌ವ್ಯೂನಲ್ಲಿ ನಾವು ಇದನ್ನೆಲ್ಲ ಕೇಳಿದರೆ ಕೆಲಸ ಕೊಡ್ತಾರಾ?"

ಕೇಳಿ, ಮರ್ಯಾದೆಯಿಂದ ಕೇಳಿ ಎಂದೆ. ನನ್ನನ್ನು ಯಾವ ಸೀನಿಯರ್ ಜೊತೆ ಹಾಕುತ್ತೀರಿ, ಮೊದಲ ನೈಟ್ ಯಾವಾಗ, ಆ ರಾತ್ರಿ ನನ್ನ ಜೊತೆ ಇನ್ನೆಷ್ಟು ಜನ ಇರುತ್ತಾರೆ, ಉಸಿರು, ಹೃದಯ ನಿಂತವರಿಗೆ ಮೊದಲು ಮಾಡಬೇಕಾದದ್ದನ್ನು ಕಲಿಸುವ ಬಿಎಲ್‌ಎಸ್ ಟ್ರೈನಿಂಗ್ ನೀವೇ ಮಾಡಿಸುತ್ತೀರಾ. ಇಷ್ಟು ಕೇಳಿದ್ದಕ್ಕೇ ಬೇಡ ಎನ್ನುವ ಜಾಗದಲ್ಲಿ ಮೊದಲ ವಾರವೇ ನಿಮ್ಮನ್ನು ಒಂಟಿಯಾಗಿ ರಾತ್ರಿ ನಿಲ್ಲಿಸುವ ಸಾಧ್ಯತೆ ಜಾಸ್ತಿ. ಬಾಂಡ್‌ಗೆ ಸಹಿ ಮಾಡಿ ಎಂದರೆ ಮನೆಗೆ ಒಯ್ದು ಓದಿ, ಅಪ್ಪ ಅಮ್ಮನಿಗೂ ತೋರಿಸಿ. ಸರ್ಟಿಫಿಕೇಟ್‌ಗಳ ಜೆರಾಕ್ಸ್ ಕೊಡಿ. ಒರಿಜಿನಲ್ ತೋರಿಸಿ, ಅವತ್ತೇ ವಾಪಸ್ ತೆಗೆದುಕೊಂಡು ಬನ್ನಿ.